ಮಗ್ಗ ಎಣಿಸಬೇಕೋ, ಮಂದಿ ಎಣಿಸಬೇಕೋ?

ಪತ್ರಿಕೆ ಕೆಲಸದಲ್ಲಿರುವ ನಾವು ‘ಸ್ಟೋರಿ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಆಡುತ್ತೇವೆ. ‘ಇವತ್ತು ಏನು ಸ್ಟೋರಿ?’ ಎಂದು ಡೆಸ್ಕಿನವರು ಬೆಳಿಗ್ಗೆ ಕೇಳುತ್ತಾರೆ, ‘ಸ್ಟೋರಿ ಹಿಡಿಸಲಿಲ್ಲ, ಜಾಹೀರಾತು ಬಂತು’ ಎಂದು ರಾತ್ರಿ ಹೇಳುತ್ತಾರೆ. ಸಾಫ್ಟ್‌ವೇರ್ ಮಂದಿಗೂ ಅವರದೇ ಒಂದು ‘ಸ್ಟೋರಿ’ ಇದೆ, ಅದನ್ನೂ ಯಾರೋ ಕೂತು ಬರೆಯಬೇಕಾಗುತ್ತದೆ, ಆ ಬರವಣಿಗೆಗೂ ನಮ್ಮ ವರದಿಗಾರಿಕೆಗೂ ಹತ್ತಿರದ ನಂಟಿದೆ ಎಂಬುದು ನಮಗೆ ಗೊತ್ತಾದದ್ದು ಬೆಳಗಾವಿಯ ಖಾಸಬಾಗದ ನೇಕಾರರ ಓಣಿಗಳಲ್ಲಿ.

ಸ್ಟ್ರಿಂಗರ್‌ಗಳ ಬದುಕನ್ನು ನಮ್ಮ ಬ್ಯಾಚಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಡಿಪ್ಲೊಮಾ ಮುಗಿದು ಹತ್ತು ವರ್ಷ ದಾಟಿದರೂ ಸಂಬಳ ಎಂಬುದಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೊಕ್ಕೆ ಇಷ್ಟು. ಮಗ್ಗದವರ ಮಜೂರಿಯೂ ಹೀಗೆಯೇ, ಸೀರೆ ಇಳಿಸಿದರೆ ದುಡ್ಡು. ಹಾಗಾಗಿ ನಗರದ ಒಂದು ಸಣ್ಣ ಸಾಫ್ಟ್‌ವೇರ್ ತಂಡ ‘ಎರಡು ತಿಂಗಳು, ವಾರಕ್ಕೆ ಮೂರು ದಿನ ಬರ್ರಿ’ ಎಂದಾಗ ನಾವು ಇಬ್ಬರು ಒಪ್ಪಿಕೊಂಡೆವು. ಖಾಸಬಾಗ, ವಡಗಾವಿ, ಶಹಾಪುರ ಕಡೆಯ ಮಗ್ಗದವರಿಗೂ ಖಾನಾಪುರ ಕಡೆಯ ಕುಂಬಾರರಿಗೂ ಸಣ್ಣ ಸಾಲ ಕೊಡುವ ಒಂದು ಸಂಸ್ಥೆಗೆ ಅವರು ಡೇಟಾ ವೇರ್‌ಹೌಸ್ ಕಟ್ಟುತ್ತಿದ್ದರು. ತಂಡದಲ್ಲಿ ಜಾಣ ಹುಡುಗರಿದ್ದರು, ಹುಡುಗಿಯರಿದ್ದರು. ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಕನ್ನಡ, ಮರಾಠಿ ಎರಡರಲ್ಲೂ ಮಾತಾಡಿ ವಿಷಯ ತೆಗೆಯುವವರು ಇರಲಿಲ್ಲ. ‘ಪ್ರಶ್ನೆ ಕೇಳೋದು ನಿಮ್ಮ ಕಸುಬಲ್ಲೇನ್ರಿ? ಯೂಸರ್ ಸ್ಟೋರಿ ನೀವೇ ಬರೀರಿ’ ಎಂದರು.

ಡೇಟಾ ವೇರ್‌ಹೌಸ್ ಎಂದರೆ ಮಾಹಿತಿಯ ಉಗ್ರಾಣ. ಸಂಸ್ಥೆಯ ಸಾಲದ ಲೆಕ್ಕ ಒಂದು ಸಾಫ್ಟ್‌ವೇರ್‌ನಲ್ಲಿತ್ತು, ಮನೆ ಮನೆ ಸುತ್ತುವ ಸಿಬ್ಬಂದಿಯ ಲೆಕ್ಕ ಎಕ್ಸೆಲ್ ಹಾಳೆಗಳಲ್ಲಿತ್ತು, ತರಬೇತಿಗೆ ಬಂದವರ ಹಾಜರಿ ರಿಜಿಸ್ಟರ್ ಪುಸ್ತಕದಲ್ಲಿತ್ತು. ಅವು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಎಲ್ಲವನ್ನೂ ಒಂದೆಡೆ ತಂದು, ಹಳೆಯದನ್ನು ಅಳಿಸದೆ ಇಟ್ಟು, ‘ಮೂರು ವರ್ಷದಲ್ಲಿ ಏನು ಬದಲಾಯಿತು?’ ಎಂಬಂಥ ಪ್ರಶ್ನೆಗೆ ಉತ್ತರ ಸಿಗುವಂತೆ ಜೋಡಿಸುವುದೇ ಉಗ್ರಾಣದ ಕೆಲಸ. ಈ ವಿದ್ಯೆಯಲ್ಲಿ ಎರಡು ದೊಡ್ಡ ಹೆಸರುಗಳಿವೆ: 1992ರಲ್ಲಿ ಪುಸ್ತಕ ಬರೆದ ಬಿಲ್ ಇನ್ಮನ್, 1996ರಲ್ಲಿ ಬರೆದ ರಾಲ್ಫ್ ಕಿಂಬಲ್.

ಯೂಸರ್ ಸ್ಟೋರಿ ಬಂದದ್ದು ಬೇರೆ ದಾರಿಯಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಅವರ ಜೊತೆಯವರು, ನೂರಾರು ಪುಟದ ಬೇಡಿಕೆ ಪಟ್ಟಿ ಬರೆಸುವುದನ್ನು ಬಿಟ್ಟು ಸಣ್ಣ ಕಾರ್ಡಿನ ಮೇಲೆ ಬಳಸುವವರ ಮಾತಿನಲ್ಲೇ ಬೇಡಿಕೆ ಬರೆಯುವ ರೂಢಿ ತಂದರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆ ಬರೆದರು. ಅದೇ ಹೊತ್ತಿಗೆ ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಕಂಪನಿಯ ತಂಡ ಈಗ ಎಲ್ಲರೂ ಬಳಸುವ ಮೂರು ತುಂಡಿನ ವಾಕ್ಯ ರೂಪಿಸಿತು: ಇಂಥವರಾಗಿ, ನನಗೆ ಇಂಥದ್ದು ಬೇಕು, ಇಂಥದ್ದಕ್ಕಾಗಿ. ಯಾರಿಗೆ, ಏನು, ಯಾತಕ್ಕೆ. ಕಾರ್ಡು, ಮಾತುಕತೆ, ಖಾತ್ರಿ ಮೂರೂ ಸೇರಿದರೇ ಸ್ಟೋರಿ ಎಂದು ರಾನ್ ಜೆಫ್ರೀಸ್ ಹೇಳಿದ್ದೂ ಅದೇ ವರ್ಷ. ಕಾರ್ಡು ಬರೀ ನೆನಪಿನ ಗಂಟು, ನಿಜವಾದ ಕೆಲಸ ಮಾತುಕತೆಯಲ್ಲಿದೆ ಎಂಬುದು ಅದರ ತಾತ್ಪರ್ಯ.

ನಾವು ಹೋದ ದಿನ ತಂಡದ ಗೋಡೆ ತುಂಬ ಹಳದಿ ಚೀಟಿಗಳಿದ್ದವು. ಒಂದರ ಮೇಲೆ ಹೀಗಿತ್ತು: ‘ಡೆವಲಪರ್ ಆಗಿ, ನನಗೆ ನೇಕಾರರ ಟೇಬಲ್ ಬೇಕು, ಡೇಟಾ ಲೋಡ್ ಮಾಡಲಿಕ್ಕಾಗಿ.’ ಇನ್ನೊಂದು: ‘ಮ್ಯಾನೇಜರ್ ಆಗಿ, ನನಗೆ ಎಲ್ಲ ಮಾಹಿತಿಯ ಡ್ಯಾಶ್‌ಬೋರ್ಡ್ ಬೇಕು, ಎಲ್ಲವನ್ನೂ ನೋಡಲಿಕ್ಕಾಗಿ.’ ವ್ಯಾಕರಣ ಸರಿ, ಮೂರೂ ತುಂಡು ಇವೆ. ಆದರೆ ಮೊದಲನೆಯದರಲ್ಲಿ ಬಳಸುವ ಮನುಷ್ಯನೇ ಇಲ್ಲ, ಎರಡನೆಯದರಲ್ಲಿ ಉದ್ದೇಶವೇ ಇಲ್ಲ. ‘ಸಭೆ ನಡೆಯಿತು, ಅನೇಕರು ಮಾತನಾಡಿದರು’ ಎಂದು ಬರೆದ ಸುದ್ದಿಯ ಹಾಗೆ. ವೆಬ್‌ಸೈಟ್ ಮಾಡುವ ತಂಡಕ್ಕೆ ಇಂಥ ಕಾರ್ಡಿನಿಂದಲೂ ಹೇಗೋ ಕೆಲಸ ಸಾಗುತ್ತದೆ, ಯಾಕೆಂದರೆ ಅಲ್ಲಿ ಬಟನ್ ಒತ್ತಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಉಗ್ರಾಣ ಕಟ್ಟುವವರಿಗೆ ಇದು ಸಾಲುವುದಿಲ್ಲ. ಯಾಕೆ ಸಾಲುವುದಿಲ್ಲ ಎಂಬುದನ್ನು ತಂಡಕ್ಕೂ ನಮಗೂ ತೋರಿಸಿಕೊಟ್ಟವರು ಖಾಸಬಾಗದ ಒಬ್ಬ ಹಿರಿಯ ನೇಕಾರರು.

ಅವರದು ನಾಲ್ಕು ವಿದ್ಯುತ್ ಮಗ್ಗದ ಮನೆ. ಒಳಗೆ ಮಗ್ಗದ ಸದ್ದಿಗೆ ಮಾತು ಕೇಳಿಸದೆ ನಾವು ಹೊರಗೆ ಕಟ್ಟೆಯ ಮೇಲೆ ಕೂತೆವು. ‘ಕಾಕಾ, ನಿಮ್ಮ ಮನ್ಯಾಗ ನೇಕಾರರು ಎಷ್ಟ ಮಂದಿರಿ?’ ಎಂದು ಕೇಳಿದೆವು. ಅವರು ನಮ್ಮನ್ನೇ ನೋಡಿ, ‘ಯಾತಕ್ಕ ಕೇಳಾಕತ್ತೀರಿ, ಅದನ್ನ ಮೊದ್ಲ ಹೇಳ್ರಿ ತಮ್ಮಾ. ಕರೆಂಟಿಗೆ ಒಂದ ಲೆಕ್ಕ ಐತಿ, ರೇಷನ್ನಿಗೆ ಒಂದ ಲೆಕ್ಕ ಐತಿ, ಸಾಲಕ್ಕ ಇನ್ನೊಂದ ಲೆಕ್ಕ ಐತಿ’ ಎಂದರು.

ಆಮೇಲೆ ಬೆರಳು ಮಡಚಿ ಬಿಡಿಸಿ ಹೇಳಿದರು. ಮೀಟರ್ ಒಂದೇ, ಅದೂ ತೀರಿಹೋದ ತಂದೆಯ ಹೆಸರಿನಲ್ಲಿ. ರೇಷನ್ ಕಾರ್ಡ್ ಎರಡು, ಯಾಕೆಂದರೆ ತಮ್ಮ ಬೇರೆ ಒಲೆ ಹೂಡಿದ್ದಾನೆ. ಮಗ್ಗ ನಡೆಸುವವರು ಮೂವರು: ಅವರು, ತಮ್ಮ, ಒಬ್ಬ ಕೂಲಿ ಹುಡುಗ. ಮಗ್ಗ ನಾಲ್ಕು, ಅದರಲ್ಲಿ ಎರಡು ಸಾವಕಾರರವು, ಮಜೂರಿ ಮೇಲೆ ನೇಯುವುದು. ಕಂಡಿಕೆ ಸುತ್ತುವ, ಎಳೆ ಕೂಡಿಸುವ ಹೆಂಗಸರು ಮೂವರು. ಅಂದರೆ ಒಂದೇ ಮನೆಗೆ ಒಂದು, ಎರಡು, ಮೂರು, ನಾಲ್ಕು, ಆರು ಎಂದು ಐದು ಉತ್ತರ, ಐದೂ ಖರೆ. ನೀವು ಯಾವ ಉತ್ತರ ತೆಗೆದುಕೊಳ್ಳುತ್ತೀರಿ ಎಂಬುದು ನಿಮ್ಮ ‘ಯಾತಕ್ಕ’ದ ಮೇಲೆ ನಿಂತಿದೆ.

ಇದು ಕಾಕಾ ಅವರ ಮನೆಯದಷ್ಟೇ ಸಂಗತಿಯಲ್ಲ. 2020ರಲ್ಲಿ ರಾಜ್ಯ ಸರ್ಕಾರ ತಂದ ನೇಕಾರ ಸಮ್ಮಾನ್ ಯೋಜನೆ ಕೈಮಗ್ಗದ ನೇಕಾರರ ಬ್ಯಾಂಕ್ ಖಾತೆಗೆ ಆರಂಭದಲ್ಲಿ ವರ್ಷಕ್ಕೆ 2,000 ರೂಪಾಯಿ ಹಾಕುತ್ತಿತ್ತು. ಅಲ್ಲಿ ಎಣಿಕೆ ಮನುಷ್ಯರದು. 2023ರಲ್ಲಿ ಘೋಷಣೆಯಾದ, 10 ಎಚ್‌ಪಿ ವರೆಗಿನ ಮಗ್ಗದ ಘಟಕಕ್ಕೆ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಎಂಬಲ್ಲಿ ಎಣಿಕೆ ಮೀಟರಿನದು. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 31.45 ಲಕ್ಷ ಕುಟುಂಬ, 35.22 ಲಕ್ಷ ಕೆಲಸಗಾರರು ಎನ್ನುತ್ತದೆ. ಆ 35.22 ಲಕ್ಷದಲ್ಲೂ ನೇಯುವವರು ಸುಮಾರು 26.73 ಲಕ್ಷ, ಉಳಿದ 8.48 ಲಕ್ಷ ಮಂದಿ ನೂಲು ಸುತ್ತುವುದು, ಹಾಸು ಸಿದ್ಧಮಾಡುವುದು ಇಂಥ ಪೂರಕ ಕೆಲಸದವರು. ‘ದೇಶದಲ್ಲಿ ಇಷ್ಟು ಲಕ್ಷ ನೇಕಾರರಿದ್ದಾರೆ’ ಎಂದು ಸುದ್ದಿಯಲ್ಲಿ ಬರೆಯುವಾಗ ನಾವು ಯಾವ ಅಂಕಿ ಎತ್ತಿಕೊಳ್ಳುತ್ತೇವೆ ಎಂಬುದರ ಮೇಲೆ ಎಂಟೂವರೆ ಲಕ್ಷ ಮಂದಿ ಒಳಗೋ ಹೊರಗೋ ಆಗುತ್ತಾರೆ.

ಉಗ್ರಾಣದ ವಿದ್ಯೆಯಲ್ಲಿ ಇದಕ್ಕೆ ‘ಗ್ರೇನ್’ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಕಾಳು. ಒಂದು ಸಾಲು ಎಂದರೆ ಏನು? ಒಬ್ಬ ಮನುಷ್ಯನೋ, ಒಂದು ಮಗ್ಗವೋ, ಒಂದು ಮೀಟರೋ, ಒಂದು ಒಲೆಯೋ? ಕಿಂಬಲ್ ಹೇಳಿಕೊಟ್ಟ ನಾಲ್ಕು ಹೆಜ್ಜೆಗಳಲ್ಲಿ ಮೊದಲನೆಯದು ಯಾವ ವ್ಯವಹಾರವನ್ನು ಅಳೆಯುತ್ತೇವೆ ಎಂಬುದು, ಎರಡನೆಯದೇ ಕಾಳು ಗೊತ್ತುಮಾಡುವುದು. ಅದಾದ ಮೇಲೆಯೇ ಯಾರು, ಎಲ್ಲಿ, ಯಾವಾಗ ಎಂಬ ಆಯಾಮಗಳು, ಕೊನೆಗೆ ಎಷ್ಟು ಎಂಬ ಅಂಕಿ. ಕಾಳು ಗೊತ್ತಿಲ್ಲದೆ ಟೇಬಲ್ ಕಟ್ಟಿದರೆ ಒಬ್ಬ ನೇಕಾರ ಎರಡು ಸಲ ಎಣಿಕೆಯಾಗುತ್ತಾನೆ, ಇಲ್ಲವೇ ಪೂರ್ತಿ ಬಿಟ್ಟುಹೋಗುತ್ತಾನೆ. ಪರದೆಯ ಮೇಲೆ ಮಾತ್ರ ಬಣ್ಣದ ಚಿತ್ರ ಚೆಂದವಾಗಿಯೇ ಕಾಣುತ್ತದೆ. ತಪ್ಪು ಅಲ್ಲಿ ಕಾಣುವುದಿಲ್ಲ, ಸಾಲ ಸಿಗದವರ ಮನೆಯಲ್ಲಿ ಕಾಣುತ್ತದೆ.

ಅಂದಿನಿಂದ ಕಾರ್ಡಿನ ಮೂರನೆಯ ತುಂಡನ್ನು ಮೊದಲು ಬರೆಯುವ ರೂಢಿ ಹಾಕಿಕೊಂಡೆವು. ಸಂಸ್ಥೆಯ ಒಬ್ಬೊಬ್ಬರ ಮುಂದೆ ಕೂತು, ‘ಈ ಅಂಕಿ ನಿಮ್ಮ ಕೈಗೆ ಬಂದ ಮರುದಿನ ನೀವು ಏನು ಬೇರೆ ಮಾಡುತ್ತೀರಿ?’ ಎಂದು ಕೇಳುತ್ತಿದ್ದೆವು. ಉತ್ತರವಿದ್ದರೆ ಕಾರ್ಡು, ಇಲ್ಲದಿದ್ದರೆ ಇಲ್ಲ. ಹಾಗೆ ಬಂದ ಎರಡು ಕಾರ್ಡು ಇವು:

‘ಸಾಲ ಮಂಜೂರು ಮಾಡುವವನಾಗಿ, ಒಂದು ಒಲೆಯ ಮೇಲೆ ತಿಂಗಳ ಕೊನೆಗೆ ಒಟ್ಟು ಎಷ್ಟು ಸಾಲ ಬಾಕಿ ಇದೆ ಎಂದು ನನಗೆ ಕಾಣಬೇಕು, ತೀರಿಸಲಾಗದಷ್ಟು ಸಾಲ ಒಂದೇ ಕುಟುಂಬದ ಮೇಲೆ ಬೀಳದಂತೆ ತಡೆಯಲಿಕ್ಕಾಗಿ.’

‘ಮಗ್ಗ ರಿಪೇರಿ ನಿಧಿ ನೋಡುವವಳಾಗಿ, ಯಾವ ಓಣಿಯಲ್ಲಿ ಈ ತಿಂಗಳು ಎಷ್ಟು ಮಗ್ಗ ನಿಂತಿವೆ, ಯಾಕೆ ನಿಂತಿವೆ ಎಂದು ನನಗೆ ಕಾಣಬೇಕು, ಮಿಸ್ತ್ರಿಯನ್ನು ಮೊದಲು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸಲಿಕ್ಕಾಗಿ.’

ಮೊದಲನೆಯದರ ಕಾಳು ಒಂದು ಒಲೆ, ಒಂದು ಸಾಲ, ಒಂದು ತಿಂಗಳು. ಎರಡನೆಯದರದು ಒಂದು ಮಗ್ಗ, ಒಂದು ತಿಂಗಳು. ಎರಡನ್ನೂ ಒಂದೇ ಟೇಬಲ್ಲಿಗೆ ತುರುಕಲಾಗದು ಎಂಬುದು ಕಾರ್ಡು ಓದಿದ ಕೂಡಲೇ ತಂಡದ ಹುಡುಗರಿಗೆ ಹೊಳೆಯಿತು. ಯಾರೂ ಪಾಠ ಹೇಳಬೇಕಾಗಲಿಲ್ಲ.

ತಂಡದ ಹಿರಿಯ ಎಂಜಿನಿಯರ್ ಒಂದು ದಿನ ಲಾರೆನ್ಸ್ ಕಾರ್ 2011ರಲ್ಲಿ ಬರೆದ, ಅಜೈಲ್ ರೀತಿಯ ಉಗ್ರಾಣ ವಿನ್ಯಾಸದ ಪುಸ್ತಕ ತೋರಿಸಿದರು. ಬಳಸುವವರ ಜೊತೆ ಕೂತು ಏಳು ಪ್ರಶ್ನೆ ಕೇಳಿ ಎನ್ನುತ್ತದೆ ಅದು: ಯಾರು, ಏನು, ಯಾವಾಗ, ಎಲ್ಲಿ, ಎಷ್ಟು, ಯಾಕೆ, ಹೇಗೆ. ನಮಗೆ ನಗು ಬಂತು. ಡಿಪ್ಲೊಮಾದ ಮೊದಲ ವಾರ ಬೋರ್ಡಿನ ಮೇಲೆ ಬರೆಸಿದ ಆರು ಪ್ರಶ್ನೆಗಳೇ ಇವು, ‘ಎಷ್ಟು’ ಒಂದು ಹೆಚ್ಚು. ಗ್ರಾಮೀಣ ಪತ್ರಿಕೋದ್ಯಮ ಓದಿದವರಿಗೆ ಇಂಥ ಕೆಲಸ ಪರಕೀಯವೇನಲ್ಲ ಎಂದು ಗಟ್ಟಿಯಾಗಿ ಹೇಳುವುದಕ್ಕೆ ನಮಗಿರುವ ಆಧಾರ ಇದೇ.

ಆದರೆ ಉಗ್ರಾಣದ ‘ಯಾವಾಗ’ ನಮ್ಮ ‘ಯಾವಾಗ’ಕ್ಕಿಂತ ತೊಡಕಿನದು. ಸುದ್ದಿಗೆ ನಿನ್ನೆ ಸಾಕು. ಉಗ್ರಾಣಕ್ಕೆ ನಿನ್ನೆಯೂ ಬೇಕು, ಐದು ವರ್ಷದ ಹಿಂದೆ ಹೇಗಿತ್ತು ಎಂಬುದೂ ಬೇಕು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಹಳೆಯ ಹಾಳೆಗಳಲ್ಲಿ ಬೆಳಗಾಂ, ಹೊಸ ಹಾಳೆಗಳಲ್ಲಿ ಬೆಳಗಾವಿ, ಮರಾಠಿ ರಸೀದಿಗಳಲ್ಲಿ ಬೆಳಗಾವ. ಕಂಪ್ಯೂಟರಿಗೆ ಇವು ಮೂರು ಊರು. ಇಲ್ಲಿ ಹಳೆಯ ಹೆಸರಿನ ಮೇಲೆ ಹೊಸದನ್ನು ಬರೆದುಬಿಟ್ಟರೆ ನಷ್ಟವಿಲ್ಲ, ಊರು ಅದೇ ಊರು. ತಾಲ್ಲೂಕಿನ ವಿಷಯ ಹಾಗಲ್ಲ. ಚಿಕ್ಕೋಡಿಯಿಂದ ನಿಪ್ಪಾಣಿ, ಗೋಕಾಕದಿಂದ ಮೂಡಲಗಿ, ಅಥಣಿಯಿಂದ ಕಾಗವಾಡ ಬೇರೆಯಾದವು. ಮೇಲೆ ಮೇಲೆ ಬರೆದುಬಿಟ್ಟರೆ ‘ಚಿಕ್ಕೋಡಿ ತಾಲ್ಲೂಕಿನಲ್ಲಿ ಸಾಲಗಾರರು ಕಡಿಮೆಯಾದರು’ ಎಂದು ವರದಿ ಬರುತ್ತದೆ. ಕಡಿಮೆಯಾದದ್ದು ಸಾಲಗಾರರಲ್ಲ, ತಾಲ್ಲೂಕು. ಇಂಥಲ್ಲಿ ಹಳೆಯ ಸಾಲನ್ನು ಹಾಗೇ ಇಟ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಗುರುತು ಹಾಕಿ, ಹೊಸ ಸಾಲು ಸೇರಿಸಬೇಕು. ಕಿಂಬಲ್ ಇದನ್ನು ನಿಧಾನವಾಗಿ ಬದಲಾಗುವ ಆಯಾಮ ಎನ್ನುತ್ತಾರೆ: ಒಂದನೇ ಬಗೆ ಅಳಿಸಿ ಬರೆಯುವುದು, ಎರಡನೇ ಬಗೆ ಉಳಿಸಿ ಬರೆಯುವುದು. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂಬುದು ಎಂಜಿನಿಯರ್ ಒಬ್ಬರೇ ತೀರ್ಮಾನಿಸುವಂಥದ್ದಲ್ಲ. ಅದು ಕಾರ್ಡಿನ ಮೇಲೆ ಇರಬೇಕು.

ಖಾನಾಪುರದಲ್ಲಿ ಇನ್ನೊಂದು ಬಗೆಯ ಕಾರ್ಡು ಕಲಿತೆವು. ಅಲ್ಲಿಯ ಮಣ್ಣು ಒಳ್ಳೆಯದು, ಹೆಂಚಿಗೂ ಮಡಕೆಗೂ ಹೆಸರಾದ ಊರು. ಕುಂಬಾರರ ಮನೆಗಳಲ್ಲಿ ಒಬ್ಬರದೇ ಹೆಸರು ಸಾಲದ ಲೆಕ್ಕದಲ್ಲಿ ಇಂಗ್ಲಿಷಿನಲ್ಲಿ, ತರಬೇತಿ ರಿಜಿಸ್ಟರಿನಲ್ಲಿ ಕನ್ನಡದಲ್ಲಿ, ರಸೀದಿಯಲ್ಲಿ ಮರಾಠಿಯಲ್ಲಿ ಇತ್ತು. ಮದುವೆಗೆ ಮೊದಲಿನ ಹೆಸರು ಒಂದು, ಆಮೇಲಿನದು ಇನ್ನೊಂದು. ಇವರೆಲ್ಲ ಒಬ್ಬರೇನಾ ಎಂದು ಹೊಂದಿಸಲು ಎಷ್ಟು ದಿನ ಬೇಕು ಎಂದರೆ ಯಾರೂ ಹೇಳಲಾರರು. ಹೇಳಲಾಗದ್ದನ್ನು ಹೇಳಿದಂತೆ ನಟಿಸಬೇಡಿ ಎಂಬುದಕ್ಕೇ ಅಜೈಲ್ ತಂಡಗಳಲ್ಲಿ ‘ಸ್ಪೈಕ್’ ಎಂಬ ಕಾರ್ಡಿದೆ. ಎರಡು ದಿನ ಮಾತ್ರ ಡೇಟಾ ತೆರೆದು ನೋಡಿ, ಎಷ್ಟು ಹೊಲಸಿದೆ, ಎಷ್ಟು ಹೊಂದುತ್ತದೆ ಎಂದು ಬಂದು ಹೇಳಿ, ಮುಂದಿನ ಲೆಕ್ಕ ಆಮೇಲೆ. ಸುದ್ದಿ ಇದೆಯೋ ಇಲ್ಲವೋ ಎಂದು ಮೊದಲು ಒಂದು ಸುತ್ತು ಹೋಗಿಬರುತ್ತೇವಲ್ಲ, ಹಾಗೆ.

ಕಾರ್ಡು ಸಣ್ಣದಾಗಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಉಗ್ರಾಣದಲ್ಲಿ ಅದನ್ನು ಯಾವ ಕಡೆಯಿಂದ ಕತ್ತರಿಸಬೇಕು ಎಂಬುದರಲ್ಲಿ ಜಗಳ. ಈ ಎರಡು ವಾರ ಬರೀ ಡೇಟಾ ತರುವುದು, ಮುಂದಿನ ಎರಡು ವಾರ ತೊಳೆಯುವುದು, ಅದರ ಮುಂದಿನ ಎರಡು ವಾರ ವರದಿ ಮಾಡುವುದು ಎಂದು ಅಡ್ಡಡ್ಡ ಕತ್ತರಿಸಿದರೆ, ಆರು ವಾರ ಬಳಸುವವರ ಕೈಗೆ ಏನೂ ಸಿಗುವುದಿಲ್ಲ. ಕೊನೆಗೆ ಸಿಕ್ಕಿದ್ದು ಬೇಕಾದದ್ದೇ ಆಗಿರುತ್ತದೆ ಎಂಬ ಭರವಸೆಯೂ ಇಲ್ಲ. ಹಾಸು ಹೂಡುವುದೇ ಒಂದು ಕೆಲಸ, ಹೊಕ್ಕು ಹೊಡೆಯುವುದೇ ಇನ್ನೊಂದು ಕೆಲಸ ಎಂದು ಬೇರೆ ಬೇರೆ ಮಾರಿದರೆ ಸೀರೆ ಯಾರು ಕೊಳ್ಳುತ್ತಾರೆ? ಉದ್ದಕ್ಕೆ ಕತ್ತರಿಸಬೇಕು: ಒಂದೇ ಓಣಿ, ಒಂದೇ ಮೂಲ, ಒಂದೇ ಪ್ರಶ್ನೆ, ಆದರೆ ಮೂಲದಿಂದ ಪರದೆಯವರೆಗೆ. ಮುಂದಿನ ಕಾರ್ಡಿಗೆ ಎರಡನೇ ಮೂಲ, ಅದರ ಮುಂದಿನದಕ್ಕೆ ಹಿಂದಿನ ವರ್ಷಗಳು. ಅಷ್ಟು ಮಾಡಿದರೂ ಕೆಲವು ಕಾರ್ಡು ಎರಡು ವಾರದಲ್ಲಿ ಮುಗಿಯುವುದಿಲ್ಲ. ರಾಲ್ಫ್ ಹ್ಯೂಸ್ 2008ರ ತಮ್ಮ ಪುಸ್ತಕದಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ: ಬಳಸುವವರ ಸ್ಟೋರಿಯ ಕೆಳಗೆ ಡೆವಲಪರ್ ಸ್ಟೋರಿಗಳನ್ನು ಇಡಿ, ಆದರೆ ಪ್ರತಿಯೊಂದೂ ಮೇಲಿನ ಯಾವುದಾದರೂ ಒಂದಕ್ಕೆ ತಗುಲಿಕೊಂಡಿರಲಿ. ಗೋಡೆಯ ಮೇಲಿದ್ದ ‘ನೇಕಾರರ ಟೇಬಲ್ ಬೇಕು’ ಎಂಬ ಅನಾಥ ಚೀಟಿಗೆ ಹೀಗೆ ಒಂದು ಮನೆ ಸಿಕ್ಕಿತು.

ಇನ್ನು ಖಾತ್ರಿ. ಕೆಲಸ ಮುಗಿಯಿತು ಎಂದು ಹೇಗೆ ಗೊತ್ತಾಗಬೇಕು ಎಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಮೊದಲೇ ಬರೆಯಬೇಕು. ಮೂಲದ ಬಾಕಿ ಮೊತ್ತಕ್ಕೂ ಉಗ್ರಾಣದ ಬಾಕಿ ಮೊತ್ತಕ್ಕೂ ರೂಪಾಯಿ ರೂಪಾಯಿ ತಾಳೆಯಾಗಬೇಕು. ಹೊಂದದ ಸಾಲುಗಳನ್ನು ಎಸೆಯದೆ ಬೇರೆ ಪಟ್ಟಿಯಲ್ಲಿ ತೋರಿಸಬೇಕು. ಅಂಕಿ ಯಾವ ದಿನದವರೆಗಿನದು ಎಂದು ಪರದೆಯ ಮೇಲೆ ಬರೆದಿರಬೇಕು. ಇವುಗಳ ಜೊತೆ ನಾವು ಒಂದು ಸೇರಿಸಿದೆವು: ಒಂದು ಓಣಿಯನ್ನು ಕಾಲ್ನಡಿಗೆಯಲ್ಲಿ ಎಣಿಸಿ ಬರೆದ ನೋಟ್‌ಬುಕ್ಕಿಗೂ ಪರದೆಗೂ ಹೊಂದಬೇಕು. ನಿಂತ ಮಗ್ಗದ ಕಾರ್ಡಿಗೆ ಖಾಸಬಾಗದ ಒಂದು ಓಣಿ ಆರಿಸಿದೆವು. ಭಾನುವಾರ ಸಂತೆಯ ದಿನ ಬಿಟ್ಟು ಉಳಿದ ದಿನ ಮಂದಿ ಸಿಗುತ್ತಿದ್ದರು. ಪರದೆ ಹೇಳಿದ್ದಕ್ಕೂ ನೋಟ್‌ಬುಕ್ಕಿಗೂ ವ್ಯತ್ಯಾಸ ಬಂದಾಗ ತಂಡದ ಇಬ್ಬರು ಎಂಜಿನಿಯರ್‌ಗಳು ತಾವೇ ಓಣಿಗೆ ಬಂದರು. ಎಕ್ಸೆಲ್ ಹಾಳೆಯಲ್ಲಿ ‘ನಿಂತಿದೆ’ ಎಂದರೆ ಕೆಟ್ಟಿದೆ ಎಂದೂ ಆಗುತ್ತದೆ, ನೂಲಿಲ್ಲದೆ ಸುಮ್ಮನಿದೆ ಎಂದೂ ಆಗುತ್ತದೆ ಎಂಬುದು ಅವರಿಗೆ ಮಗ್ಗದ ಮುಂದೆ ನಿಂತಾಗ ತಿಳಿಯಿತು. ನೂಲಿಲ್ಲದ ಮನೆಗೆ ಮಿಸ್ತ್ರಿ ಹೋಗಿ ಏನು ಮಾಡಬೇಕು?

‘ಯಾತಕ್ಕ’ ಎಂಬ ತುಂಡು ಬೇಡದ್ದನ್ನು ತಡೆಯುವ ಬೇಲಿಯೂ ಹೌದು. ಹಳೆಯ ಫಾರ್ಮಿನಲ್ಲಿ ಆಧಾರ್ ನಂಬರ್, ಜಾತಿ, ಮನೆಯವರ ಕಾಯಿಲೆ ಎಲ್ಲಕ್ಕೂ ಜಾಗವಿತ್ತು. ‘ಇರಲಿ, ಮುಂದೆ ಬೇಕಾಗಬಹುದು’ ಎಂಬುದು ಉಗ್ರಾಣ ಕಟ್ಟುವವರಿಗೆ ಸಹಜವಾಗಿ ಬರುವ ಆಸೆ. ಆದರೆ ಯಾವ ಕಾರ್ಡಿನ ಉದ್ದೇಶಕ್ಕೂ ಕಾಯಿಲೆಯ ಕಾಲಂ ಬೇಕಾಗಲಿಲ್ಲ, ಹಾಗಾಗಿ ಅದು ಒಳಗೆ ಬರಲಿಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಯಾವ ಉದ್ದೇಶಕ್ಕೆ ಮಾಹಿತಿ ಪಡೆಯುತ್ತೀರಿ ಎಂದು ಹೇಳಿಯೇ ಪಡೆಯಿರಿ ಎನ್ನುತ್ತದೆ. ಕಾಕಾ ಕಟ್ಟೆಯ ಮೇಲೆ ಕೇಳಿದ್ದೂ ಅಷ್ಟೇ.

ಬರೆದ ಕಾರ್ಡುಗಳಲ್ಲಿ ಒಂದು ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಕಂಡಿಕೆ ಸುತ್ತುವ ಅಕ್ಕಂದಿರ ಕಾರ್ಡು ಅದು. ‘ಅಕ್ಕಾರ, ದಿನಾ ಎಷ್ಟ ತಾಸ ಸುತ್ತತೀರಿ?’ ಎಂದು ಕೇಳಿದಾಗ ಒಬ್ಬರು ಕೈ ನಿಲ್ಲಿಸದೆಯೇ, ‘ಎಣಿಸಿದವರ ಯಾರದಾರರಿ? ಅಡಗಿ ಆದಮ್ಯಾಲೆ ಕುಂದರತೇವು, ಲೈಟ್ ಹೋಗೂತನಾ ಸುತ್ತತೇವು’ ಎಂದರು. ನಾವು ಬರೆದೆವು: ‘ಸಾಲ ಕೊಡುವವಳಾಗಿ, ಮಗ್ಗದ ಮನೆಯಲ್ಲಿ ಪೂರಕ ಕೆಲಸ ಮಾಡುವ ಹೆಂಗಸರೆಷ್ಟು, ಅವರ ದುಡಿಮೆ ಎಷ್ಟು ತಾಸು ಎಂದು ನನಗೆ ಕಾಣಬೇಕು, ಅವರ ಹೆಸರಿನಲ್ಲೇ ಸಾಲ ಕೊಡಲು ಆಧಾರ ಸಿಗಲಿಕ್ಕಾಗಿ.’ ಉದ್ದೇಶ ಚೊಕ್ಕಟ, ಕಾಳು ಚೊಕ್ಕಟ, ಸಂಸ್ಥೆಯವರೂ ಮೆಚ್ಚಿದರು. ಆದರೆ ಎಂಜಿನಿಯರ್ ಕೇಳಿದ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ: ‘ಇದರ ಡೇಟಾ ಎಲ್ಲಿದೆ?’ ಸಾಲದ ಲೆಕ್ಕದಲ್ಲಿಲ್ಲ, ಎಕ್ಸೆಲ್ಲಿನಲ್ಲಿಲ್ಲ, ಹಾಜರಿ ಪುಸ್ತಕದಲ್ಲಿಲ್ಲ. ಇಲ್ಲದ ಧಾನ್ಯವನ್ನು ಯಾವ ಉಗ್ರಾಣವೂ ತುಂಬಿಕೊಳ್ಳಲಾರದು.

ಉಗ್ರಾಣದ ತಂಡಗಳಿಗೆ ಸ್ಟೋರಿ ಬರೆಯುವುದರ ಮಿತಿಯೂ ಬೆಲೆಯೂ ಎರಡೂ ನಮಗೆ ಆ ಕಾರ್ಡಿನಲ್ಲೇ ಕಂಡವು. ಚೆನ್ನಾಗಿ ಬರೆದ ಕಾರ್ಡು ಇಲ್ಲದ ಅಂಕಿಯನ್ನು ಹುಟ್ಟಿಸುವುದಿಲ್ಲ. ಆದರೆ ಯಾವ ಅಂಕಿ ಇಲ್ಲ, ಅದು ಇಲ್ಲದ್ದರಿಂದ ಯಾರು ಲೆಕ್ಕಕ್ಕೆ ಸಿಗುತ್ತಿಲ್ಲ ಎಂಬುದನ್ನು ಎಲ್ಲರೂ ಕಾಣುವ ಗೋಡೆಯ ಮೇಲೆ ಅಂಟಿಸುತ್ತದೆ. ಎರಡು ತಿಂಗಳು ಮುಗಿಯುವ ಹೊತ್ತಿಗೆ ಸಂಸ್ಥೆಯವರು ಮನೆ ಭೇಟಿಯ ಹಾಳೆಗೆ ಎರಡು ಹೊಸ ಕಾಲಂ ಸೇರಿಸಿದರು: ಕಂಡಿಕೆ ಯಾರು ಸುತ್ತುತ್ತಾರೆ, ಎಷ್ಟು ತಾಸು. ಅದು ತುಂಬಿ ಉಗ್ರಾಣಕ್ಕೆ ಬರಲು ಕೆಲವು ತಿಂಗಳಾದರೂ ಬೇಕು.

ನಮ್ಮ ಹಾಗೆ ಡಿಪ್ಲೊಮಾ ಮುಗಿಸಿ ತಾಲ್ಲೂಕು ಸುತ್ತುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಇಂಥ ಕೆಲಸ ಕರೆದರೆ ಹಿಂಜರಿಯಬೇಡಿ. ಕೋಡ್ ಬರುವುದಿಲ್ಲ ಎಂಬುದು ಅಡ್ಡಿಯಲ್ಲ. ಪೆನ್ನು, ನೋಟ್‌ಬುಕ್ ತೆಗೆದುಕೊಂಡು ಓಣಿಗೆ ಹೋಗಿ, ಒಂದು ಸಾಲು ಎಂದರೆ ಏನು ಎಂದು ಕೇಳಿ, ಯಾತಕ್ಕೆ ಎಂಬುದನ್ನು ಮೊದಲು ಬರೆಯಿರಿ. ದುಡ್ಡು ಎಷ್ಟು, ಯಾವಾಗ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ.